ಭಾವ ಬಿಗಿದ ಸ್ಕ್ರೂ

ಅಪ್ಪ ಹೋದ ಮೇಲೆ ನಂಜನಗೂಡಿನ ಮನೆಯಲ್ಲಿ ಅವರದು ಅಂತ ಉಳಿದದ್ದು ನನಗಿಂತ ವಯಸ್ಸಾದ ಒಂದು ಹಳೇ ಕಾರು. ಓಡಿಸುವುದನ್ನು ನನಗೆ ಕಲಿಸಿದವರೂ ಅಪ್ಪನೇ, ಹಾಗಾಗಿ ಅದು ನನ್ನದೇ ಎಂದುಕೊಂಡಿದ್ದೆ. ತಿ. ನರಸೀಪುರದ ಭಾವ, ಅಂದರೆ ಅಕ್ಕನ ಗಂಡ, ಹಾಗೆ ಅಂದುಕೊಂಡಿರಲಿಲ್ಲ. ಇದು ತೊಂಬತ್ತರ ದಶಕದ ಕೊನೆಯ ಮಾತು.

ಆಯುಧಪೂಜೆಗೆ ಬಂದವರು ಯಾರನ್ನೂ ಕೇಳದೆ ಡ್ಯಾಶ್‌ಬೋರ್ಡಿನ ತಗಡಿಗೆ ತೂತು ಕೊರೆದು, ಉದ್ದನೆಯ ಸ್ಕ್ರೂ ಬಿಗಿದು, ನಂಜುಂಡೇಶ್ವರನ ಪುಟ್ಟ ಫೋಟೊ ಕೂರಿಸಿದರು. ನಾನೂ ಕೈ ಮುಗಿದೆ. ಮಾರನೆಯ ದಿನ ನಾನು ಕಾರು ತೆಗೆದರೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಅಂಟಿಕೊಂಡಿತು. ಭಾವನಿಗೆ ಅಷ್ಟೇ ಸಾಕಾಯಿತು. ಹಜಾರದ ತುಂಬ ನೆಂಟರು ಕೂತಿದ್ದಾಗ, ನನ್ನ ಮುಖ ಕೂಡ ನೋಡದೆ ಅಮ್ಮನಿಗೆ ಹೇಳಿದರು.

"ಹೆಂಗುಸ್ರು ಓಡ್ಸುದ್ರೆ ಇಂಜಿನ್ ಕಾಯ್ದೆ ಇನ್ನೇನಾದದು? ಭಾನ್ವಾರ ಬಂದು ತಕ್ಕೊಂಡೋಯ್ತೀನಿ ಬುಡಿ."

ನೆಂಟರು ನಕ್ಕರು. ಅಮ್ಮ ಅಳಿಯನ ಮಾತಿಗೆ ಇಲ್ಲ ಅನ್ನುವವಳಲ್ಲ, ಹೂಂ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಬೆಳಿಗ್ಗೆ ಬಾನೆಟ್ ಮುಟ್ಟಿದರೆ ತಣ್ಣಗಿತ್ತು. ಸ್ಟಾರ್ಟ್ ಮಾಡದೆ ಬರೀ ಕೀಲಿ ತಿರುಗಿಸಿದೆ. ಮುಳ್ಳು ಸೀದಾ ಕೆಂಪಿಗೆ ಏರಿತು. ಎಲಾ ಇದರ, ಒಲೆ ಹಚ್ಚುವ ಮೊದಲೇ ಅನ್ನ ಉಕ್ಕುತ್ತದೆಯೇ? ಆ ಮುಳ್ಳಿಗೆ ಹೋಗುವ ತಂತಿಯನ್ನು ಇಂಜಿನ್ನಿನ ಕಡೆ ಕಳಚಿದೆ. ಆಗಲಾದರೂ ಮುಳ್ಳು ಇಳಿಯಬೇಕಿತ್ತು, ಇಳಿಯಲಿಲ್ಲ. ಅಂದರೆ ತಂತಿ ನಡುದಾರಿಯಲ್ಲೆಲ್ಲೋ ತಗಡಿಗೆ ತಾಗಿ, ಇಂಜಿನ್ ತಣ್ಣಗಿದ್ದರೂ ಮುಳ್ಳನ್ನು ಏರಿಸುತ್ತಿದೆ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ನೋಡಿದೆ. ಭಾವನ ಸ್ಕ್ರೂ ತಂತಿಯ ಹೊಟ್ಟೆಗೇ ಚುಚ್ಚಿಕೊಂಡು ಕೂತಿತ್ತು. ಬಿಚ್ಚಿದೆ, ಮುಳ್ಳು ಇಳಿಯಿತು.

ಅಲ್ಲೇ ಅಮ್ಮನನ್ನು ಕರೆದು ತೋರಿಸಬಹುದಿತ್ತು. ಅಷ್ಟು ಸಲೀಸಾಗಿ ಬಿಡುತ್ತೇನೆಯೇ? ಅವರು ನನ್ನ ಮಾನ ತೆಗೆದದ್ದು ನಾಲ್ಕು ಜನರ ಮುಂದೆ. ತಂತಿ ಸಿಕ್ಕಿಸಿ, ಸ್ಕ್ರೂವನ್ನು ಮೊದಲಿದ್ದ ಹಾಗೆಯೇ ಬಿಗಿದು, ಸ್ನಾನಕ್ಕೆ ಹೋದೆ.

ಭಾನುವಾರ ಭಾವ ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ ಬಂದರು. ಅಕ್ಕನನ್ನು ನೋಡುವ ನೆಪದಲ್ಲಿ ನಾನೂ ಅಮ್ಮನೂ ಹಿಂದೆ ಕೂತೆವು. ಮುಳ್ಳು ಕೆಂಪಿನಲ್ಲೇ ಇತ್ತು. ದಾರಿಯಲ್ಲಿ ಪಂಪ್‌ಸೆಟ್ಟು ಕಂಡಲ್ಲೆಲ್ಲ ನಿಲ್ಲಿಸಿ, ಇಳಿದು, ಕ್ಲಚ್ಚು ಒತ್ತುವ ಬಗೆಯ ಮೇಲೆ ನನಗೆ ಪಾಠ ಹೇಳುತ್ತ ಬಿಂದಿಗೆ ಬಿಂದಿಗೆ ನೀರು ಹೊಯ್ದರು. ತುಂಬಿದ ರೇಡಿಯೇಟರಿಗೆ ಹೊಯ್ದ ನೀರು ಎಲ್ಲಿಗೆ ಹೋಗಬೇಕು, ಅವರ ಪಂಚೆಗೇ. ನಾನು ಹೂಂ ಭಾವ, ಸರಿ ಭಾವ ಅನ್ನುತ್ತಾ ಹೋದೆ. ಅಷ್ಟು ಸುಖವಾದ ಪ್ರಯಾಣ ನಾನು ಮತ್ತೆ ಮಾಡಿಲ್ಲ.

ನರಸೀಪುರದಲ್ಲಿ ಅವರ ಅಪ್ಪ, ತಮ್ಮಂದಿರು, ಬೀದಿಯವರು ಕಾರಿನ ಸುತ್ತ ನೆರೆದರು. ಇಂಜಿನ್ ಸುಟ್ಟುಹಾಕಿದ್ದಾಳೆ ಅಂತ ಭಾವ ನನ್ನನ್ನು ತೋರಿಸಿ ಶುರುಮಾಡಿದರು. ನಾನು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ಅವರ ಕೈಗೆ ಕೊಟ್ಟೆ.

"ಕೀಲಿ ಆನಲ್ಲೇ ಇರ್ಲಿ ಭಾವ. ನೀವ್ ಬಿಗ್ದಿದ್ ಸ್ಕ್ರೂನ ನೀವೇ ಬಿಚ್ಚಿ."

ಅವರ ಅಪ್ಪ, ಬಿಚ್ಚಿ ನೋಡು ಅಂದರು. ಸ್ಕ್ರೂ ಹೊರಗೆ ಬರುತ್ತಿದ್ದಂತೆ ಮುಳ್ಳು ನಡುಮಧ್ಯಕ್ಕೆ ಇಳಿಯಿತು. ತಂತಿಗೆ ಏನಾಗಿತ್ತು, ಯಾರು ಮಾಡಿದ್ದು ಅನ್ನುವುದನ್ನು ಕಡೆಯವರಿಗೂ ಕೇಳುವ ಹಾಗೆ ನಿಧಾನವಾಗಿ ಹೇಳಿದೆ. ಬೀದಿ ನಕ್ಕಿತು. ಮಾಡಿದ್ದುಣ್ಣೋ ಮಹರಾಯ. ಒದ್ದೆ ಪಂಚೆಯಲ್ಲಿ ನಿಂತಿದ್ದ ಅವರನ್ನು ಕಂಡು ನನಗೆ ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಅಮ್ಮ ಕೀಲಿ ಇಸಿದುಕೊಂಡು ನನ್ನ ಕೈಗೆ ಹಾಕಿದಳು.

ಹೊರಡುವಾಗ ಅಕ್ಕ ಕಾರಿನ ಹತ್ತಿರ ಬಂದಳು. ಗಂಡನಿಗೆ ಕೇಳಿಸಲಿ ಅಂತಲೇ ದನಿ ಏರಿಸಿ ಹೇಳಿದಳು.

"ಬರೋ ಭಾನ್ವಾರ ಕಾರ್ ತಕ್ಕೊಂಡ್ ಬಾ. ನಂಗೂ ಕಲ್ಸ್ಕೊಡು."

ಕಲಿಸಿದೆ. ಅವರ ಮನೆಯ ಮುಂದೆಯೇ, ಭಾವ ಜಗಲಿಯಲ್ಲಿ ಕೂತಿರುವ ಹೊತ್ತು ನೋಡಿ.