ಬೇಗ ಹತ್ತುವವರ ಸಾಲು

ಸ್ನೇಹಿತರೇ, ನಮ್ಮೂರು ಲಿಯಾಂಡರಿನಿಂದ ಕೊಲೊರಾಡೋಗೆ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಬಂದರೆ ಇಲ್ಲಿಯೂ ಸ್ಪೆಷಲ್ ದರ್ಶನದ ವ್ಯವಸ್ಥೆ. ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಎರಡು ಸಾಲು. ಹೆಚ್ಚು ದುಡ್ಡು ಕೊಟ್ಟವರದು ಸರಸರ ಸಾಗುತ್ತದೆ, ನಮ್ಮದು ಹನುಮಂತನ ಬಾಲ.

"ಇಬ್ರಿಗೂ ಆ ಸಾಲಿನ ಟಿಕೆಟ್ಟೇ ತಗೊಂಡ್ಬಿಡ್ತೀನಿ" ಎಂದರು ಯಜಮಾನರು.

ನಮ್ಮ ಹಿಂದೆ ಪೇರ್ಲ್ಯಾಂಡ್ ಊರಿನಿಂದ ಬಂದ, ಮೂಲತಃ ಹುಬ್ಬಳ್ಳಿಯ ಆಂಟಿಯೊಬ್ಬರು ನಿಂತಿದ್ದರು. "ಮೊದಲನೇ ಸಲ ಏನ್ರಿ?" ಎಂದು ನನ್ನನ್ನು ಕೇಳಿದರು. ಹೌದೆಂದೆ.

"ಮತ್ತ ಲಗೂ ಬೀಳಾಕ ರೊಕ್ಕ ಯಾಕ ಕೊಡ್ತೀರಿ? ಇಲ್ಲೇ ನಿಲ್ರಿ, ಬ್ರೇಕ್ ಹೆಂಗ ಹಾಕೂದು ಹೇಳಿಕೊಡ್ತೀನಿ."

ಯಜಮಾನರು ಒಬ್ಬರೇ ಹೋದರು. ಸಾಲು ಕರಗುವಷ್ಟರಲ್ಲಿ ನನ್ನ ಪಾಠ ಮುಗಿದಿತ್ತು. ಪುಣ್ಯಾತ್ಗಿತ್ತಿ, ಇಳಿಯುವಾಗಲೂ ಪಕ್ಕದಲ್ಲೇ ಇದ್ದರು. ಒಂದೇ ಸಲ ಬಿದ್ದೆ.

ಈಗ ಕೆಳಗೆ ಕೂತು ಆಂಟಿಯ ಡಬ್ಬಿಯ ಚುರುಮುರಿ ತಿನ್ನುತ್ತಿದ್ದೇನೆ. ಬೇಗ ಹತ್ತಿದ ಯಜಮಾನರು ಇನ್ನೂ ಇಳಿಯುತ್ತಲೇ ಇದ್ದಾರೆ.