ಕೆಟ್ಟ ಫೋನಿಗೆ ಅರ್ಪಿತ ಹೇಳಿದ್ದು

ಸುನಂದ ನನ್ನ ಪಕ್ಕದ ಸೀಟಿನವಳು. ಹೋಳೂರಿನಿಂದ ಕಂಪನಿ ಬಸ್ಸು ಹತ್ತುವವರು ನಾವಿಬ್ಬರೇ. ಮಧ್ಯಾಹ್ನ ಹೋದರೆ ವಾಪಸ್ಸು ಬರುವುದು ಊರೆಲ್ಲ ಮಲಗಿದ ಮೇಲೆ. ಬಸ್ಸಿನಲ್ಲಿ ಮಿಕ್ಕವರು ರೀಲ್ಸ್ ನೋಡುತ್ತಿದ್ದರೆ ಇವಳು ಕಿಟಕಿಗೆ ತಲೆ ಆನಿಸಿ, ಮಗಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. "ಏನೇ, ಭಾಷಣಕ್ಕೆ ತಯಾರಿನಾ?" ಎಂದು ರೇಗಿಸುತ್ತಿದ್ದೆ. ಈಗ ರೇಗಿಸುವುದಿಲ್ಲ.

ಗಂಡ ವೆಂಕಟ್ ಟೊಮೆಟೊ ಲಾರಿ ಓಡಿಸುತ್ತಾನೆ. ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಐದು ವರ್ಷದ ಅರ್ಪಿತಳನ್ನು ನೋಡಿಕೊಳ್ಳುವುದು ಅತ್ತೆ ವೆಂಕಟರತ್ನಮ್ಮ. ಬೆಳಿಗ್ಗೆ ತಾಯಿ ಮಗಳ ಭೇಟಿ ಎಂದರೆ ಬಾಚಣಿಗೆ, ಜಡೆ, ಟಿಫನ್ ಡಬ್ಬಿ, "ಬೇಗ ಬೇಗ". ಹಾಗಾಗಿ ಸುನಂದಳ ತಾಯ್ತನವೆಲ್ಲ ರಾತ್ರಿ ಎಂಟು ಗಂಟೆಯ ಟೀ ಬ್ರೇಕಿನಲ್ಲಿತ್ತು. ಲಾಕರಿನಿಂದ ಫೋನ್ ತೆಗೆದು, ಮೆಟ್ಟಿಲ ಕೆಳಗೆ ಕೂತು, ಮಲಗಲು ಹೊರಟ ಮಗಳ ಜೊತೆ ಬ್ರೇಕ್ ಮುಗಿದ ಬೆಲ್ ಆಗುವವರೆಗೂ ಮಾತಾಡುತ್ತಿದ್ದಳು. ಅವಳು ಟೀ ಕುಡಿದದ್ದನ್ನು ನಾನು ನೋಡಿಲ್ಲ.

ದೀಪಾವಳಿ ಆದ ಮೇಲೆ ಫ್ಯಾಕ್ಟರಿಯಲ್ಲಿ ನಮ್ಮ ಲೈನಿನ ಬ್ರೇಕನ್ನು ಒಂಬತ್ತೂವರೆಗೆ ತಳ್ಳಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. ನಮಗೆ ಹೇಳುವ ರೂಢಿ ಅವರಿಗಿಲ್ಲ. ಅಷ್ಟು ಹೊತ್ತಿಗೆ ಅರ್ಪಿತ ಮಲಗಿಬಿಟ್ಟಿರುತ್ತಾಳೆ. ಮೊದಮೊದಲು ಮಗು ಅತ್ತಿತಂತೆ. ಆಮೇಲೆ ಅಳು ನಿಂತಿತು. ನಿಂತಿತಲ್ಲ ಬಿಡು ಎಂದು ನಾನು ಸಮಾಧಾನ ಹೇಳಿದರೆ, "ನನ್ನ ಮರ್ತೋದ್ಲು ಕಣೇ" ಎಂದು ಸುನಂದ ಮುಖ ತಿರುಗಿಸಿದಳು. ಮಗಳ ರಾತ್ರಿಯಲ್ಲಿ ತನಗೆ ಇನ್ನು ಜಾಗವಿಲ್ಲ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಒಂದು ಭಾನುವಾರ, ರಜೆಯ ದಿನ, ಬೇಗ ಊಟ ಮುಗಿಸಿ ಮಗಳ ಪಕ್ಕ ಚಾಪೆಯ ಮೇಲೆ ಮಲಗಿದಳು. ಆ ಮನೆಯಲ್ಲಿ ರೇಷ್ಮೆ ಹುಳುವಿನ ತಟ್ಟೆಗಳೂ ಮನುಷ್ಯರೂ ಒಂದೇ ಕೋಣೆಯಲ್ಲಿ.

"ಈಗ ಹೇಳು ಪಾಪ, ಈ ವಾರ ಸ್ಕೂಲಲ್ಲಿ ಏನೇನಾಯ್ತು?"

ಅರ್ಪಿತ ಎದ್ದು ಕೂತು ಅಜ್ಜಿಯ ಕಡೆ ಕೈ ಚಾಚಿದಳು. "ಅಜ್ಜಿ, ಫೋನ್ ಕೊಡು. ಅಮ್ಮನ ಹತ್ರ ಮಾತಾಡ್ಬೇಕು."

"ನಾನು ಇಲ್ಲೇ ಇದೀನಲ್ಲೇ!" ಎಂದಳು ಸುನಂದ. ಮಗಳು ಅವಳ ಕಡೆ ನೋಡಲೂ ಇಲ್ಲ.

ವೆಂಕಟರತ್ನಮ್ಮ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ಮಗು ಬಿಕ್ಕಿ ಬಿಕ್ಕಿ ಅತ್ತ ದಿನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಮೇವು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವ ಹೊತ್ತು ಅದು. ಆಗ ಸದ್ದು ಮಾಡಬಾರದೆಂದು ನಮ್ಮ ಕಡೆ ಹಿರಿಯರೆಲ್ಲ ಹೇಳುತ್ತಾರೆ. ಬೇರೇನೂ ತೋಚದೆ ಅವರು, ಕೆಟ್ಟು ಮೂಲೆಗೆ ಬಿದ್ದಿದ್ದ ಹಳೇ ಫೋನನ್ನು ಮಗುವಿನ ಕಿವಿಗಿಟ್ಟು, "ಅಳಬ್ಯಾಡ ಬಂಗಾರು ತಲ್ಲೀ, ಹುಳ ಜ್ವರಕ್ಕೆ ಕೂತವೆ. ಅದಕ್ಕೇ ಅಮ್ಮ ಮಾತಾಡಲ್ಲ, ಕೇಳಿಸ್ಕೊಳ್ತಾಳೆ ಅಷ್ಟೇ. ಮೆಲ್ಲಗೆ ಹೇಳು" ಎಂದಿದ್ದರು. ಹುಳುಗಳು ಎದ್ದವು, ಗೂಡು ಕಟ್ಟಿದವು, ಗೂಡು ಮಾರುಕಟ್ಟೆಗೂ ಹೋಯಿತು. ಅರ್ಪಿತ ಮಾತ್ರ ಫೋನ್ ಬಿಡಲಿಲ್ಲ.

"ತಪ್ಪಾಯ್ತಮ್ಮ, ನಿಂಗೆ ಹೇಳ್ಬೇಕಾಗಿತ್ತು" ಎಂದರು ವೆಂಕಟರತ್ನಮ್ಮ.

ಸುನಂದಳಿಗೆ ಸಿಟ್ಟು ಬರಲಿಲ್ಲವಂತೆ. ಕೇಳಿದ ನನಗೆ ಬಂತು. ಆ ಮುದುಕಿಯ ಮೇಲಲ್ಲ, ಬ್ರೇಕ್ ತಳ್ಳಿದವರ ಮೇಲೆ.

ಅಷ್ಟರಲ್ಲಿ ಅರ್ಪಿತ ಆ ಕೆಟ್ಟ ಫೋನನ್ನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಪಿಸುಗುಡತೊಡಗಿದ್ದಳು. ಕ್ಲಾಸಿನ ಅನಿತ ಠೂ ಬಿಟ್ಟಳು. ಹಲ್ಲು ಅಲ್ಲಾಡುತ್ತಿದೆ, ಯಾರಿಗೂ ಹೇಳಬೇಡ. ಡ್ಯಾನ್ಸಿನಲ್ಲಿ ಮಿಸ್ಸು ಹಿಂದಿನ ಸಾಲಿಗೆ ಹಾಕಿದರು, ನಾನು ಅಳಲಿಲ್ಲ. ಸುನಂದಳಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ತಲೆ ಸವರಲು ಕೈ ಚಾಚಿದವಳು, ಮಾತು ನಿಂತೀತೆಂದು ಹಿಂದಕ್ಕೆ ತೆಗೆದುಕೊಂಡಳು.

"ಅಮ್ಮ, ಇವತ್ತು ಮನೇಲಿ ಅಮ್ಮ ಇದಾಳೆ" ಎಂದಳು ಅರ್ಪಿತ ಫೋನಿಗೆ. "ಅವಳು 'ಬೆಲ್ ಆಯ್ತು, ಇಡ್ತೀನಿ' ಅಂತಾಳೆ. ನೀನಾದ್ರೆ ನಂಗೆ ನಿದ್ದೆ ಬರೋವರ್ಗೂ ಇರ್ತೀಯ."

ಗೇಣು ದೂರದಲ್ಲಿ ಮಲಗಿದ್ದ ಸುನಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳ ಪಕ್ಕದಲ್ಲಿದ್ದೂ ಅವಳಷ್ಟು ಒಂಟಿ ನಮ್ಮೂರಿನಲ್ಲಿ ಯಾರೂ ಇರಲಿಲ್ಲ.

"ಆ ಫೋನ್ ಕಂಡ್ರೆ ಹೊಟ್ಟೆ ಉರಿಯುತ್ತೆ ಕಣೇ" ಎಂದಳು ಸೋಮವಾರ ಬಸ್ಸಿನಲ್ಲಿ.

"ಕಿತ್ಕೋಬಾರ್ದಿತ್ತಾ?" ಎಂದೆ.

"ಕಿತ್ಕೊಂಡ್ರೆ ಅವಳು ಯಾರ ಹತ್ರ ಹೇಳ್ಕೊಳ್ತಾಳೆ?"