ಗಚ್ಚಿಯ ಮೇಲೆ ನೊಣದ ಕುಂಡ

ವಿಶ್ರಾಮಬಾಗದ ಬಾಡಿಗೆ ಮನೆಯ ಗಚ್ಚಿಯಲ್ಲಿ, ಅಂದರೆ ತಾರಸಿಯಲ್ಲಿ, ನಾನು ಎರಡು ಕುಂಡ ಇಟ್ಟಿದ್ದೆ. ಒಂದರಲ್ಲಿ ಕವಲಾಪುರದ ಎರೆಮಣ್ಣು, ಇನ್ನೊಂದರಲ್ಲಿ ಪಕ್ಕದ ಹೊಸ ಅಪಾರ್ಟ್‌ಮೆಂಟಿನವರು ಕೊಟ್ಟ ಉಸುಕು. ಕಬ್ಬಿನ ಹುಳುವಿನೊಳಗೆ ಬೆಳೆದು ಅದನ್ನೇ ಕೊಲ್ಲುವ ಪರಾವಲಂಬಿ ನೊಣದ, ಇನ್ನೂ ರೆಕ್ಕೆ ಮೂಡದ ಕೋಶಗಳನ್ನು ಎರಡರಲ್ಲೂ ಹೂತು, ಎಲ್ಲಿ ಹೆಚ್ಚು ಬದುಕುತ್ತವೆಂದು ನೋಡುವುದು ನನ್ನ ಕೆಲಸ. ಹೂವಿನ ಬೀಜ ಹಾಕಿದ್ದೇನೆಂದುಕೊಂಡು ಮನೆಯೊಡತಿ ಮಾವಶಿ ದಿನಾ ನೀರು ಹಾಕಿದರು. ಎರೆಮಣ್ಣು ಮೆತ್ತಿಕೊಂಡು ಅದರೊಳಗಿನವು ಸತ್ತವು. ಉಸುಕಿನವು ಮಾತ್ರ, ಮಾವಶಿಯ ಮಗಳನ್ನು ನೋಡಲು ಗಂಡಿನವರು ಬಂದ ದಿನವೇ ನೊಣವಾಗಿ ಎದ್ದು, ಅವರಿಗೆಂದು ಮಾಡಿದ ಸಿಹಿ ಶಿರಾದ ಮೇಲೆ ಕುಳಿತವು.

"ನಮ್ಮ ಬಾಡಿಗಿಯವರು ಸಾಕ್ಯಾರ್ರಿ. ಕಬ್ಬಿನ ಹುಳಾ ಕೊಲ್ಲತಾವಂತ," ಎಂದರು ಮಾವಶಿ, ನನ್ನನ್ನು ನುಂಗುವಂತೆ ನೋಡಿ.

ಹುಡುಗನ ತಂದೆ ಕಬ್ಬಿನ ರೈತರು, ಜೋರಾಗಿ ನಕ್ಕರು. "ಹಂಗಾರ ಹುಡುಗಿ ಜೋಡಿ ಒಂದ ಕುಂಡಾನೂ ಕಳಸ್ರಿ."

ಪ್ರಯೋಗ ಕೆಟ್ಟಿತೆಂದು ವರದಿ ಬರೆದೆ. ಲಗ್ನ ಕೂಡಿದ್ದನ್ನು ಅದರಲ್ಲಿ ಎಲ್ಲಿ ಸೇರಿಸಬೇಕೋ ತಿಳಿಯಲಿಲ್ಲ.